ಮೆಟ್ಟಿಲು ಒಡೆಸಿದ ವರ್ತಕ

"ಗುರುಗಳೇ, ಇಷ್ಟು ದಿನ ನನ್ನನ್ನು ತಡೆದವರೇ ಈಗ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ನಾನು ಗೆದ್ದೆ ಎಂದು ತಿಳಿಯಬಹುದೇ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ವಾರವಾರವೂ ಸಂತೆಯ ನಡುವೆ ನಿಂತು ತೂಕದ ಮೋಸವನ್ನು ಎತ್ತಿ ಹೇಳುತ್ತಿದ್ದವನು. ಸಂತೆಯ ಮಂಡಳಿಯವರು ಅವನ ಮೈಕು ಕಿತ್ತುಕೊಂಡರು. ಅವನು ಗಂಟಲೆತ್ತಿ ಮಾತಾಡಿದ. ಅವನು ನಿಲ್ಲುತ್ತಿದ್ದ ಕಟ್ಟೆಗೆ ಬೇಲಿ ಹಾಕಿದರು. ಅವನು ಬೇಲಿಯ ಹೊರಗೆ ನಿಂತ. ಈಗ ಅದೇ ಮಂಡಳಿ ಅವನನ್ನು ಗೌರವಾಧ್ಯಕ್ಷನನ್ನಾಗಿ ಆರಿಸಿತ್ತು. ಮರುದಿನ ಶಾಲು ಹೊದಿಸುವವರಿದ್ದರು.

"ಮಾತಾಡುವುದನ್ನು ಬಿಡು ಎಂದರೋ?" ಎಂದು ಗುರುಗಳು ಕೇಳಿದರು.

"ಇಲ್ಲ, ಗುರುಗಳೇ. ಏನನ್ನೂ ಬಿಡು ಎನ್ನಲಿಲ್ಲ. ಬಾ, ಕೂತುಕೋ ಎಂದರು, ಅಷ್ಟೇ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ವರ್ತಕನಿದ್ದ. ಅಂಗಡಿ ಪೇಟೆಯ ನಡುವೆ, ಎತ್ತರದ ಜಗಲಿಯ ಮೇಲೆ. ಹತ್ತಿ ಬರಲು ಕಲ್ಲಿನ ಮೆಟ್ಟಿಲು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಕೊಳ್ಳುವವನೋ, ಸುಮ್ಮನೆ ಬೆಲೆ ಕೇಳಿ ಹೋಗುವವನೋ ಎಂದು ಹೇಳಬಲ್ಲವನು ಅವನು. ವ್ಯಾಪಾರದಲ್ಲಿ ಅವನ ಲೆಕ್ಕ ತಪ್ಪಿದ್ದು ಕಡಿಮೆ.

ಆ ಮೆಟ್ಟಿಲಿಗೆ ದಿನವೂ ಸಂಜೆ ಮೂವರು ಗೆಳೆಯರು ಬರತೊಡಗಿದರು. ಲೇತ್ ಕೆಲಸದ ಹನೀಫ, ಔಷಧಿ ಅಂಗಡಿಯ ತಿಪ್ಪೇಶ, ಮೋಟಾರಿಗೆ ತಾಮ್ರದ ತಂತಿ ಸುತ್ತುವ ನೀಲಾ. ಅವರು ಬಂದದ್ದು ಏನನ್ನೂ ಕೊಳ್ಳಲು ಅಲ್ಲ. ಸೈಕಲ್ಲಿನ ಮೇಲೆ ನಿಂತುಕೊಂಡೇ ಮೆಟ್ಟಿಲು ಹತ್ತಲು. ಮುಂದಿನ ಚಕ್ರ ಎತ್ತುವುದು, ಹಿಂದಿನ ಚಕ್ರದ ಮೇಲೆ ಕುಪ್ಪಳಿಸುವುದು, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರಿ ಅಲುಗದೆ ನಿಲ್ಲುವುದು. ಪಂದ್ಯವಿಲ್ಲ, ಬಹುಮಾನವಿಲ್ಲ. ಒಂದೇ ಒಂದು ಕಟ್ಟಳೆ. ಕಾಲು ನೆಲಕ್ಕೆ ತಾಗಿದರೆ ಮತ್ತೆ ಕೆಳಗಿನಿಂದ ಶುರು.

"ಹನೀಫಾ, ಕಾಲು ಇಟ್ಟೆ! ಕೆಳಗಿಂದ ಬಾ."

"ಇಟ್ಟಿಲ್ಲ ಕಣೇ! ಗಾಳಿಗೆ ತಾಗಿತು, ಅಷ್ಟೇ."

"ಗಾಳಿಗೆ ತಾಗಿದ್ದಕ್ಕೆ ಚಪ್ಪಲಿ ಕಿತ್ತುಬಂತಾ? ಇಳಿಯೋ ಕೆಳಗೆ."

ವರ್ತಕನಿಗೆ ಸದ್ದು ಹಿಡಿಸಲಿಲ್ಲ. ಅದಕ್ಕಿಂತ ಅವರ ಸೈಕಲ್ಲು ಹಿಡಿಸಲಿಲ್ಲ. ಅವುಗಳಿಗೆ ಸೀಟಿರಲಿಲ್ಲ. ಸ್ಟ್ಯಾಂಡು, ಮಡ್‌ಗಾರ್ಡು, ಕ್ಯಾರಿಯರು, ಬೆಲ್ಲು ಯಾವುದೂ ಇರಲಿಲ್ಲ. ಕುಪ್ಪಳಿಸುವಾಗ ಅಡ್ಡ ಬರುವುದನ್ನೆಲ್ಲ ಪಾನಾ ಹಿಡಿದು ಕಳಚಿ ಎಸೆದಿದ್ದರು. ಬ್ರೇಕು ಕಚ್ಚಿ ಹಿಡಿಯಲೆಂದು ರಿಮ್ಮಿನ ಅಂಚನ್ನು ಅರದಿಂದ ಉಜ್ಜಿ ತರಿತರಿ ಮಾಡಿದ್ದರು. ಹಿಡಿದಾಗ ಅದು ಪೇಟೆಯ ಕೊನೆಯವರೆಗೆ ಕಿರುಚುತ್ತಿತ್ತು. ಜನ ನಿಂತು ನೋಡುತ್ತಿದ್ದರು. ಆಮೇಲೆ ಅಂಗಡಿಗೆ ಬಂದು, "ಸಾವ್ಕಾರ್ರೇ, ಆ ಹುಡುಗಿ ಸೀಟೇ ಇಲ್ಲದೆ ಮೆಟ್ಟಿಲು ಹತ್ತುತ್ತಾಳೆ. ನೀವು ಹೇಳುವ ಈ ಸಾಮಾನೆಲ್ಲ ನನಗೆ ಯಾಕೆ?" ಎನ್ನುತ್ತಿದ್ದರು. ಒಬ್ಬ ಹೀಗಂದರೆ ನಗಬಹುದು. ದಿನವೂ ಒಬ್ಬ ಅಂದರೆ ವ್ಯಾಪಾರ ಕೆಡುತ್ತದೆ. ವರ್ತಕನ ಲಾಭವೆಲ್ಲ ಇದ್ದದ್ದು ಅವರು ಕಳಚಿ ಎಸೆದ ಸಾಮಾನಿನಲ್ಲೇ.

ಅವನು ಗದರಿಸಿ ನೋಡಿದ. ಅವರು ನಕ್ಕರು. ಪೊಲೀಸರನ್ನು ಕರೆಸಿದ. ಪೊಲೀಸರು ಅರ್ಧ ತಾಸು ನಿಂತು ನೋಡಿ, ಚಪ್ಪಾಳೆ ತಟ್ಟಿ ಹೋದರು. ಕೊನೆಗೆ ಮೆಟ್ಟಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ಹಾಕಿಸಿದ. ಇನ್ನು ಬರಲಿ ನೋಡೋಣ ಎಂದುಕೊಂಡ.

ಸಂಜೆ ಮೂವರೂ ಬಂದರು. ಪೈಪನ್ನು ಕಂಡು ನಿಂತರು. ತಿಪ್ಪೇಶ ಅದನ್ನು ತಟ್ಟಿ ನೋಡಿದ. ಆಮೇಲೆ ನೀಲಾ ಅಂಗಡಿಯ ಕಡೆ ತಿರುಗಿ ಕೂಗಿದಳು.

"ಸಾವ್ಕಾರ್ರೇ, ಗಟ್ಟಿಯಾಗಿ ಕೂರಿಸಿದ್ದೀರಿ ತಾನೇ? ಅಲುಗಾಡಿದರೆ ಬೀಳ್ತೀವಿ!"

ಆ ವಾರವೆಲ್ಲ ಅವರು ಬೀಳುತ್ತಲೇ ಇದ್ದರು. ವಾರ ಕಳೆದ ಮೇಲೆ ನೀಲಾ ಪೈಪಿನ ಮೇಲೆ ಎರಡೂ ಚಕ್ರ ಇಟ್ಟು ನಿಂತಳು. ನೋಡಲು ಬರುವ ಜನ ಹೆಚ್ಚಿದರು. ವರ್ತಕ ಮೆಟ್ಟಿಲ ಮೇಲೆ ಸಿಮೆಂಟಿನ ಹೂಕುಂಡ ಇಡಿಸಿದ. ಅವರು ಕುಂಡದಿಂದ ಕುಂಡಕ್ಕೆ ಹಾರುವುದನ್ನು ಕಲಿತರು. ಅವನು ಮೆಟ್ಟಿಲಿಗೆ ಗ್ರೀಸು ಬಳಿಸಿದ. ಅವರು ಟೈರಿನ ಗಾಳಿ ಇಳಿಸಿದರು, ಟೈರಿನ ಮೈಯನ್ನು ಅರದಿಂದ ಉಜ್ಜಿದರು, ಜಾರುವ ಕಲ್ಲಿನ ಮೇಲೂ ನಿಲ್ಲುವುದನ್ನು ಕಲಿತರು. ಜಾರಿ ಬಿದ್ದವರು ವರ್ತಕನ ಗಿರಾಕಿಗಳು. ಈಗ ಬೇರೆ ಬೀದಿಗಳಿಂದಲೂ ಸೀಟಿಲ್ಲದ ಸೈಕಲ್ಲುಗಳು ಬರತೊಡಗಿದವು. ಸಾವ್ಕಾರರು ಇವತ್ತು ಹೊಸದೇನು ಹಾಕಿಸಿದ್ದಾರೆ ಎಂದು ಕೇಳಿಕೊಂಡು ಬರುತ್ತಿದ್ದರು.

ವರ್ತಕ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಯೋಚಿಸಿದ. ಸಿಟ್ಟನ್ನು ಪಕ್ಕಕ್ಕಿಟ್ಟು ವ್ಯಾಪಾರಿಯಾಗಿ ಯೋಚಿಸಿದ. ಇವರಿಗೆ ಬೇಕಾದ ಸರಕು ಯಾವುದು? ಅಡ್ಡಿ. ಅದನ್ನು ಒದಗಿಸುತ್ತಿರುವವನು ಯಾರು? ನಾನು. ಅದೂ ಬಿಟ್ಟಿ, ಮನೆಬಾಗಿಲಿಗೆ, ದಿನಕ್ಕೊಂದು ಹೊಸ ಮಾಲು. ಇಂಥ ಅಂಗಡಿಯನ್ನು ಬಿಟ್ಟು ಯಾವ ಗಿರಾಕಿ ತಾನೇ ಹೋಗುತ್ತಾನೆ?

ಮರುದಿನವೇ ಅವನು ಕಲ್ಲುಕುಟಿಗರನ್ನು ಕರೆಸಿ ಮೆಟ್ಟಿಲು ಒಡೆಸಿದ. ಒಡೆದ ಕಲ್ಲನ್ನು ಅಂಗಡಿಯ ಹಿಂದಿನ ಖಾಲಿ ಜಾಗಕ್ಕೆ ಸುರಿಸಿದ. ಮುಂದೆ ನಯವಾದ ಸಿಮೆಂಟಿನ ಇಳಿಜಾರು ಮಾಡಿಸಿದ. ಪಕ್ಕದಲ್ಲಿ ನೆರಳಿಗೆ ತಗಡು, ಕೂರಲು ಬೆಂಚು. ಸಂಜೆ ಮೂವರೂ ಬಂದಾಗ ತಾನೇ ಎದುರು ಹೋದ.

"ಬನ್ನಿ ಮಕ್ಕಳೇ. ನಿಮ್ಮನ್ನು ತಪ್ಪು ತಿಳಿದಿದ್ದೆ. ಇನ್ನು ಮುಂದೆ ಈ ಜಾಗ ನಿಮ್ಮದೇ ಅಂದುಕೊಳ್ಳಿ. ಟೀ ಕುಡೀರಿ."

ಅಲ್ಲಿಯವರೆಗೆ ಇಡೀ ಪೇಟೆಯಲ್ಲಿ ಅವರನ್ನು ಬನ್ನಿ ಎಂದವರು ಯಾರೂ ಇರಲಿಲ್ಲ. ಹನೀಫ, ತಿಪ್ಪೇಶ ಇಬ್ಬರೂ ಬೆಂಚಿನ ಮೇಲೆ ಕೂತು ಟೀ ಕುಡಿದರು. ನೀಲಾ ಮುಂದಿನ ಚಕ್ರವನ್ನು ಇಳಿಜಾರಿನ ಮೇಲಿಟ್ಟು ನೋಡುತ್ತ ನಿಂತಳು.

"ಸಾವ್ಕಾರ್ರೇ, ಇದರ ಮೇಲೆ ನಾನು ಏನು ಮಾಡಲಿ?"

"ಏನೂ ಮಾಡಬೇಡಮ್ಮ. ಆರಾಮಾಗಿ ಹತ್ತು, ಆರಾಮಾಗಿ ಇಳಿ."

ಮೂವರೂ ದಿನವೂ ಬಂದರು. ಹತ್ತಿ ಇಳಿಯಲು ಅಲ್ಲಿ ಹೆಚ್ಚು ಹೊತ್ತು ಬೇಕಿರಲಿಲ್ಲ. ಉಳಿದ ಹೊತ್ತು ಬೆಂಚಿನ ಮೇಲೆ ಕಳೆಯಿತು. ವರ್ತಕ ಅವಸರ ಮಾಡಲಿಲ್ಲ. ಸರಕು ತಾನಾಗಿ ಕೈಗೆ ಬರುವ ತನಕ ಕಾಯುವುದು ಅವನಿಗೆ ಗೊತ್ತಿತ್ತು. ಒಂದು ದಿನ, "ಮನೆಯಿಂದ ಇಲ್ಲಿಯವರೆಗೂ ನಿಂತೇ ಬರ್ತೀರಲ್ಲ, ಬೆನ್ನು ನೋಯೋದಿಲ್ಲವೇನ್ರಪ್ಪಾ?" ಎಂದು ಕೇಳಿ, ಮೂರು ಸೀಟು ತಂದು ಮುಂದಿಟ್ಟ. ದುಡ್ಡು ಕೇಳಲಿಲ್ಲ.

ಹನೀಫ ತಾನೇ ಪಾನಾ ತೆಗೆದು ಸೀಟು ಕೂರಿಸಿದ. ತಿಪ್ಪೇಶನಿಗೂ ಕೂರಿಸಿಕೊಟ್ಟ. ನೀಲಾ ತನ್ನ ಪಾಲಿನದನ್ನು ತಿರುಗಿಸಿ ನೋಡಿ ಬೆಂಚಿನ ಮೇಲಿಟ್ಟಳು.

"ಬೇಡ, ಸಾವ್ಕಾರ್ರೇ."

"ಬಿಟ್ಟಿ ಕೊಡ್ತಿದ್ದೀನಮ್ಮ."

"ಬಿಟ್ಟಿ ಕೊಡೋ ಸಾವ್ಕಾರ್ರನ್ನ ನಾನು ಇನ್ನೂ ಕಂಡಿಲ್ಲ. ಅದಕ್ಕೇ ಬೇಡ."

"ಏನೇ ನಿನ್ನ ಬಿಗುಮಾನ!" ಎಂದ ಹನೀಫ. "ಒಂದು ಸಲ ಕೂತು ನೋಡು. ಇಷ್ಟು ದಿನ ಸುಮ್ಮನೆ ಮೊಣಕಾಲು ಒಡಕೊಂಡ್ವಿ."

"ಒಡಕೊಂಡಿದ್ದು ನನ್ನ ಮೊಣಕಾಲು ಕಣೋ. ನಿನಗ್ಯಾಕೆ ನೋವು? ಕೂತ್ಕೋ, ಮೆತ್ತಗಿದ್ಯಂತೆ."

ಅಷ್ಟು ಹೇಳಿ ಸೈಕಲ್ಲು ತಿರುಗಿಸಿ ಹೋದಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಸೀಟು ಬಂದ ಮೇಲೆ ಕುಪ್ಪಳಿಸಲು ಆಗಲಿಲ್ಲ, ಕುಪ್ಪಳಿಸಿದರೆ ಸೀಟು ಹೊಟ್ಟೆಗೆ ಗುದ್ದುತ್ತಿತ್ತು. ಹಾಗೆಂದು ಸೀಟನ್ನು ಯಾರೂ ಬಿಚ್ಚಲಿಲ್ಲ. ಕುಪ್ಪಳಿಸುವುದನ್ನು ಬಿಟ್ಟರು. ಬೆಂಚಿನ ಬಳಿ ನಿಲ್ಲಿಸಲು ಸ್ಟ್ಯಾಂಡು ಬಂತು. ಮಳೆ ಶುರುವಾದಾಗ ಮಡ್‌ಗಾರ್ಡು ಬಂತು. ಬ್ರೇಕಿನ ಕಿರುಚಾಟ ಮಾತಿಗೆ ಅಡ್ಡಿ ಎಂದು ತಿಪ್ಪೇಶ ರಿಮ್ಮನ್ನು ಉಜ್ಜಿ ನುಣುಪು ಮಾಡಿಕೊಂಡ. ಸೀಟೊಂದು ಬಿಟ್ಟು ಉಳಿದದ್ದಕ್ಕೆಲ್ಲ ಅವರು ದುಡ್ಡು ಕೊಟ್ಟೇ ಕೊಂಡರು. ಬೇರೆ ಬೀದಿಗಳಿಂದ ಬಂದವರು ನೋಡುವಂಥದ್ದೇನೂ ಇಲ್ಲ ಎಂದು ವಾಪಸು ಹೋದರು. ವರ್ತಕನ ಗಿರಾಕಿಗಳು ಮೊದಲಿನಂತೆ ಎಲ್ಲ ಸಾಮಾನೂ ಹಾಕಿಸಿಕೊಂಡು ಹೋಗತೊಡಗಿದರು. ಇಷ್ಟಕ್ಕೆ ಅವನಿಗೆ ತಗುಲಿದ ಖರ್ಚು ಸ್ವಲ್ಪ ಸಿಮೆಂಟು, ಸ್ವಲ್ಪ ಟೀ, ಒಂದಿಷ್ಟು ಸಿಹಿಮಾತು.

ಒಂದು ಸಂಜೆ ಅಂಗಡಿಯ ಹಿಂದಿನಿಂದ ಬ್ರೇಕಿನ ಆ ಕಿರುಚು ಕೇಳಿಸಿತು. ವರ್ತಕ ಎದ್ದು ಹಿಂಬಾಗಿಲು ತೆರೆದ.

ಒಡೆದ ಕಲ್ಲಿನ ರಾಶಿಯ ಮೇಲೆ ನೀಲಾ ಇದ್ದಳು. ಒಬ್ಬಳೇ. ಒಂದು ಕಲ್ಲು ವಾಲಿತ್ತು, ಒಂದು ಚೂಪಾಗಿತ್ತು, ಇನ್ನೊಂದು ಚಕ್ರ ತಾಗಿದರೆ ಉರುಳುವಂತಿತ್ತು. ಅವಳ ಕಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವಳು ಹಾರಿದಳು, ಕಲ್ಲು ಉರುಳಿತು, ಕಾಲು ನೆಲಕ್ಕೆ ತಾಗಿತು. ನೋಡುವವರು ಯಾರೂ ಇರಲಿಲ್ಲ. ಆದರೂ ಸೈಕಲ್ಲನ್ನು ಹೆಗಲಿಗೆತ್ತಿಕೊಂಡು ರಾಶಿಯ ಬುಡಕ್ಕೆ ಇಳಿದಳು. ಆಗ ವರ್ತಕ ಅವಳ ಕಣ್ಣಿಗೆ ಬಿದ್ದ.

"ಏನು ಸಾವ್ಕಾರ್ರೇ, ಇದಕ್ಕೂ ಸಿಮೆಂಟು ಹಾಕಿಸ್ತೀರಾ?"

ವರ್ತಕ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೇಲಿ ಹಾಕಿಸಿದರೆ ಬೇಲಿಯನ್ನು ಹಾರುತ್ತಾಳೆ. ಕಲ್ಲು ಸಾಗಿಸಿದರೆ ಸಾಗಿಸಿದಲ್ಲಿಗೆ ಹೋಗುತ್ತಾಳೆ. ಸಿಮೆಂಟು ಹಾಕಿಸೋಣ ಎಂದರೆ, ಊರಿನಲ್ಲಿ ಕಲ್ಲಿರುವ ಕಡೆಯೆಲ್ಲ ಹಾಕಿಸುವಷ್ಟು ದೊಡ್ಡ ವ್ಯಾಪಾರ ಅವನದಲ್ಲ. ಈ ಗಿರಾಕಿಗೆ ಕೊಡುವಂಥದ್ದು ಅಂಗಡಿಯಲ್ಲಿ ಏನೂ ಇರಲಿಲ್ಲ.

"ಬಿದ್ದು ಸಾಯ್ತೀಯ ತಾಯಿ," ಎಂದ.

"ಬಿದ್ದರೆ ಬುಡದಿಂದ ಶುರು ಮಾಡ್ತೀನಿ," ಎಂದು ನೀಲಾ ಪೆಡಲಿನ ಮೇಲೆ ಕಾಲಿಟ್ಟಳು.

ವರ್ತಕ ಬಾಗಿಲು ಮುಚ್ಚಿಕೊಂಡು ಒಳಗೆ ಬಂದ. ಕಿರುಚು ಕತ್ತಲಾಗುವವರೆಗೂ ಕೇಳಿಸುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಆ ಹುಡುಗಿ ಸೋಲಲಿಲ್ಲ, ಅದು ತಿಳಿಯಿತು," ಎಂದ ಶಿಷ್ಯ. "ಆದರೆ ಆ ಇಬ್ಬರು ಹುಡುಗರು, ಗುರುಗಳೇ? ತಾವು ಸೋತೆವೆಂದು ಅವರಿಗೆ ಒಂದು ದಿನವಾದರೂ ಅನ್ನಿಸಲಿಲ್ಲವೇ?"

"ಇಲ್ಲ," ಎಂದರು ಗುರುಗಳು. "ನನ್ನ ಬಳಿ ಬಂದಾಗ ನಿನ್ನ ಮುಖ ಎಷ್ಟು ಅರಳಿತ್ತೋ, ಅವರ ಮುಖವೂ ಅಷ್ಟೇ ಅರಳಿತ್ತು."