ಗಂಟುಬಿದ್ದ ನಾರು

ಹಳ್ಳದ ಕಲ್ಲೊಂದರ ಮೇಲೆ ಬ್ಯಾಕ್ಟೀರಿಯಾಗಳ ಕೇರಿಯಿತ್ತು; ಲೋಳೆಯೇ ಅವರ ಮನೆ. ಅವರು ಮೈಯಿಂದ ಹೊರಹಾಕಿದ ಅಮಿಲಾಯ್ಡ್ ಎಂಬ ಪ್ರೋಟೀನು ಹೊಸ್ತಿಲಲ್ಲೇ ಹೆಣೆದುಕೊಂಡು ಗಟ್ಟಿ ನಾರಾಗಿ ನಿಂತಿತು.

ಅವರಲ್ಲಿ ಹಿರಿಯವಳು ಸಿಡುಕಿದಳು: "ನೀನು ಕರಗುವವನಲ್ಲ, ಸವೆಯುವವನೂ ಅಲ್ಲ. ನಿನ್ನ ಕುಲದವರು ಮನುಷ್ಯರ ಮಿದುಳಿನಲ್ಲಿ ಸೇರಿಕೊಂಡು ನೆನಪನ್ನೇ ಕೆಡಿಸುತ್ತಾರಂತೆ. ನಮಗೇಕಯ್ಯಾ ಗಂಟುಬಿದ್ದೆ?"

"ಅಮ್ಮಾ, ಹೆತ್ತವಳೂ ನೀನೇ, ಹೊರಗೆ ಹಾಕಿದವಳೂ ನೀನೇ" ಎಂದಿತು ನಾರು. "ಅವರ ವಿಚಾರ ನಾನರಿಯೆ. ನನಗೆ ಹಿಡಿದುಕೊಳ್ಳುವುದೊಂದೇ ಗೊತ್ತು."

"ನಿನ್ನ ಹಿಡಿತ ಯಾರಿಗೆ ಬೇಕು? ಬಿಡು!"

ಅಷ್ಟರಲ್ಲಿ ಮೇಲಿನಿಂದ ಕೆಂಪು ನೆರೆ ನುಗ್ಗಿತು. ನಾರಿನ ಹಂಗು ಬೇಡವೆಂದು ಬಿಡಿಬಿಡಿಯಾಗಿದ್ದವರೆಲ್ಲ ಕೊಚ್ಚಿಹೋದರು. ಹಿರಿಯವಳೂ ಕಲ್ಲಿನಿಂದ ಕಿತ್ತು ಬಂದಳು. ನಾರು ಒಂದು ತುದಿಯಲ್ಲಿ ಕಲ್ಲನ್ನೂ ಇನ್ನೊಂದು ತುದಿಯಲ್ಲಿ ಅವಳನ್ನೂ ಹಿಡಿಯಿತು. ಸೆಳೆತಕ್ಕೆ ಬಾಗಿತು, ಬಿಡಲಿಲ್ಲ.

ನೀರು ಇಳಿಯಿತು. ಹಿರಿಯವಳು ನಾರನ್ನೇ ಹಿಡಿದು ಮತ್ತೆ ಕಲ್ಲಿಗೆ ಅಂಟಿಕೊಂಡಳು. ಆಮೇಲೆ, ಅವರ ಕುಲದ ರೂಢಿಯಂತೆ, ಅವಳ ಮೈ ಎರಡಾಗಿ ಮಗಳೊಬ್ಬಳು ಹುಟ್ಟಿದಳು. ಹಿರಿಯವಳು ಆ ಕೂಸನ್ನು ನಾರಿನ ಬಳಿಗೆ ಒತ್ತಿ ಹೇಳಿದಳು:

"ಕಂದಾ, ಇವನು ನಿನ್ನ ಅಣ್ಣ. ಇವನಿಗೇ ಗಂಟುಬೀಳು."