ಪಿಂಜಾರ ಮದಾರಸಾಬನ ರುಮಾಲು

ನಮ್ಮಜ್ಜನ ಅಜ್ಜ ಇನ್ನೂ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ ಕಾಲಕ್ಕೆ, ಎರೆಮಣ್ಣಿನ ಸೀಮೆಯ ಗುಂಡಬಾವಿ ಎಂಬ ಊರಿನಲ್ಲಿ ಮದಾರಸಾಬ ಅಂತ ಒಬ್ಬ ಪಿಂಜಾರನಿದ್ದನಂತೆ. ಹತ್ತಿ ಹಿಂಜುವುದು, ಗಾದಿ ತುಂಬುವುದು ಅವನ ಕಸುಬು. ಅವನು ಹಿಂಜುವ ಬಿಲ್ಲು ಮೀಟಿದರೆ ಹತ್ತಿ ತಾನೇ ಎದ್ದು ಕುಣಿಯುತ್ತಿತ್ತಂತೆ. ಅವನು ತುಂಬಿದ ಗಾದಿಯ ಮೇಲೆ ಮಲಗಿದ ಬಾಣಂತಿಗೆ ಜನ್ಮದಲ್ಲಿ ಸೊಂಟನೋವು ಬರುತ್ತಿರಲಿಲ್ಲವಂತೆ. ಹಾಗಂತ ಹೇಳುವವರು ಯಾರೂ ಆ ಗಾದಿಯ ಮೇಲೆ ಮಲಗಿದವರಲ್ಲ, ಆ ಮಾತು ಬಿಡಿ. ಕೇಳಬೇಕಾದದ್ದು ಅವನ ರುಮಾಲಿನ ಕಥೆ.

ಆ ರುಮಾಲನ್ನು ಅವನ ತಾಯಿ ತಾನೇ ನೂತ ನೂಲಿನಲ್ಲಿ ನೇಯಿಸಿದ್ದಳು. ಬಿಳಿ ಬಟ್ಟೆ, ಒರಟು, ಬಲು ಉದ್ದ. ಒಂದು ಹೆಣ ಸುತ್ತುವಷ್ಟು ಉದ್ದ. ಅದು ಅವರ ಮನೆಯ ಹಳಬರ ಪದ್ಧತಿ. ಸತ್ತಾಗ ಹೊದಿಸುವ ಕಫನನ್ನೇ ಬದುಕಿರುವಾಗ ತಲೆಗೆ ಸುತ್ತಿಕೊಳ್ಳಬೇಕು. ಸಾವು ಮರೆಯದಿರಲಿ ಅಂತ, ಸತ್ತಾಗ ಬಟ್ಟೆಗಾಗಿ ಯಾರ ಮುಂದೂ ಕೈಯೊಡ್ಡುವ ಹಾಗೆ ಆಗದಿರಲಿ ಅಂತ. ಕಣ್ಣು ಮುಚ್ಚುವ ಮೊದಲು ತಾಯಿ, "ಸುತ್ಕೊಂಡು ಬಾಳು ಮಗನ, ಹೊದ್ಕೊಂಡು ಹೋಗು" ಅಂದಿದ್ದಳಂತೆ. ಮದಾರಸಾಬನಿಗೆ ಹೊಲವಿರಲಿಲ್ಲ, ದನವಿರಲಿಲ್ಲ. ತಾಯಿಯದು ಅಂತ ಇದ್ದದ್ದು ಅದೊಂದೇ.

ಆ ಊರಿಗೆ ಒಬ್ಬ ಜಾಗೀರದಾರನಿದ್ದ. ಅವನ ಹೆಸರು ಹೇಳುವುದಿಲ್ಲ. ಗುಂಡಬಾವಿಯಲ್ಲಿ ಇವತ್ತಿಗೂ ಯಾರೂ ಹೇಳುವುದಿಲ್ಲ. ಅವನೂ ಮುಸಲ್ಮಾನನೇ, ಅದೇ ಮಸೀದಿಯಲ್ಲಿ ನಮಾಜು ಮಾಡುವವನೇ. ಆದರೆ ಬಡವನ ತಲೆಯ ಮೇಲೆ ಒಂದು ಗೇಣು ಬಟ್ಟೆ ಕಂಡರೂ ಅವನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತಂತೆ. ಒಂದು ದಿನ ಡಂಗುರ ಸಾರಿಸಿದ. ದುಡಿದು ತಿನ್ನುವವನು ಯಾವ ಜಾತಿಯವನೇ ಇರಲಿ, ಜಾಗೀರದಾರನ ವಾಡೆಯ ಮುಂದೆ ರುಮಾಲಾಗಲಿ ಟೊಪ್ಪಿಗೆಯಾಗಲಿ ತೆಗೆದು ಬರಿದಲೆಯಲ್ಲಿ ಹೋಗಬೇಕು. ತೆಗೆಯದಿದ್ದರೆ ತೆಗೆಸಲಾಗುವುದು. ವಾಡೆಯ ಎತ್ತರದ ಕಟ್ಟೆಯ ಮೇಲೆ ಕೊಕ್ಕೆ ಕಟ್ಟಿದ ಬಿದಿರಕೋಲು ಹಿಡಿದು ಪಹರೆಯವರು ನಿಂತರು. ಮಸೀದಿಗೂ ಅದೇ ದಾರಿ, ಸಂತೆಗೂ ಅದೇ ದಾರಿ, ಸಿಹಿನೀರ ಬಾವಿಗೂ ಅದೇ ದಾರಿ.

ಬಡವನ ಸಿಟ್ಟು ದವಡೆಗೆ ಮೂಲ ಅಂತಾರಲ್ಲ, ಊರು ಸುಮ್ಮನಾಯಿತು. ಕುರುಬರು ರುಮಾಲನ್ನು ಕಂಕುಳಲ್ಲಿ ಇರುಕಿಕೊಂಡರು. ನೇಕಾರರು ಟೊಪ್ಪಿಗೆಯನ್ನು ಜೇಬಿಗೆ ತುರುಕಿದರು. ಸುತ್ತಿಕೊಂಡೇ ಹೋದವನು ಮದಾರಸಾಬ ಒಬ್ಬನೇ.

ಮೊದಲ ಶುಕ್ರವಾರ ಪಹರೆಯವರು ಕೊಕ್ಕೆ ಹಾಕಿ ಎಳೆದರು. ರುಮಾಲು ಬಿಚ್ಚಿ ಧೂಳಿಗೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡ, ಕೊಡವಿದ, ಅಲ್ಲೇ ನಿಂತು ಮತ್ತೆ ಸುತ್ತಿಕೊಂಡ. ಅವರು ಮತ್ತೆ ಎಳೆದರು. ಅವನು ಮತ್ತೆ ಸುತ್ತಿದ. ಅವರು ಎಳೆಯೋದು, ಇವನು ಸುತ್ತೋದು. ಮುಂದಿನ ಶುಕ್ರವಾರವೂ ಅದೇ, ಅದರ ಮುಂದಿನದೂ ಅದೇ. ಕೊಕ್ಕೆ ತಾಗಿ ಅವನ ಹಣೆ ಒಡೆಯುತ್ತಿತ್ತು, ಬಿಳಿ ಬಟ್ಟೆಗೆ ರಕ್ತ ಹತ್ತುತ್ತಿತ್ತು. ಮನೆಗೆ ಹೋಗಿ ತೊಳೆಯುತ್ತಿದ್ದ, ಒಣಗಿಸುತ್ತಿದ್ದ, ಸುತ್ತಿಕೊಂಡು ಬರುತ್ತಿದ್ದ. ಕೆಲಸ ಕೊಡುವವರು ವಾಡೆಗೆ ಹೆದರಿ ಅವನನ್ನು ಕರೆಯುವುದನ್ನೇ ಬಿಟ್ಟರು. ಬಿಲ್ಲಿಗೆ ಧೂಳು ಕೂತಿತು, ಒಲೆಗೆ ಬೂದಿ ಗತಿಯಾಯಿತು. ಆದರೂ ಸುತ್ತಿಕೊಂಡು ಬರುತ್ತಿದ್ದ.

ಮಸೀದಿಯ ಇಮಾಮರು ಒಳ್ಳೆಯವರು, ವಯಸ್ಸಾದವರು. ಅವನ ಹಣೆ ನೋಡಲಾರದೆ ಕರೆದು ಬುದ್ಧಿ ಹೇಳಿದರಂತೆ. ನಮಾಜಿಗೆ ತಲೆ ಮುಚ್ಚುವುದು ಅದಬಿನ, ಮರ್ಯಾದೆಯ ಮಾತು, ಬರಿದಲೆಯಲ್ಲಿ ಮಾಡಿದರೂ ನಮಾಜು ಕೆಡುವುದಿಲ್ಲ, ಯಾಕೆ ಜೀವ ಕಳಕೊಳ್ಳುತ್ತೀ ಅಂದರಂತೆ. ಅದಕ್ಕೆ ಮದಾರಸಾಬ ಹೇಳಿದ ಮಾತು ಆ ಊರಿನ ಕೂಸುಗಳಿಗೂ ಬಾಯಿಪಾಠ: "ಅಲ್ಲಾನ ಮುಂದ ಬರಿದಲಿ ನಿಂತೇನ್ರಿ ಹಜರತ್, ಜಾಗೀರದಾರನ ಮುಂದ ನಿಲ್ಲಾಂಗಿಲ್ಲ."

ರಂಜಾನ್ ಹಬ್ಬ ಬಂತು. ಜಾಗೀರದಾರ ಹಬ್ಬಕ್ಕೆಂದೇ ಹೊಸದೊಂದು ಟೊಪ್ಪಿಗೆ ಮಾಡಿಸಿದ್ದನಂತೆ. ಮಖಮಲ್ಲಿನದು, ಜರತಾರಿಯದು, ಮುಂದೆ ಗಟ್ಟಿ ಅಂಚು, ಅಂಚಿನ ಮೇಲೆ ಗರಿ. ಕನ್ನಡಿಯ ಮುಂದೆ ಅದನ್ನು ಕೂರಿಸಿಕೊಳ್ಳುವುದರಲ್ಲೇ ಹೊತ್ತು ಹೋಯಿತು. ಮಸೀದಿಗೆ ಬರುವಷ್ಟರಲ್ಲಿ ಸಾಲುಗಳು ಅಂಗಳದವರೆಗೂ ತುಂಬಿದ್ದವು. ತಡವಾಗಿ ಬಂದವನು ಸುಲ್ತಾನನಾದರೂ ಸಾಲು ಒಡೆದು ಮುಂದೆ ಹೋಗುವಂತಿಲ್ಲ, ಜಾಗವಿದ್ದಲ್ಲಿ ನಿಲ್ಲಬೇಕು. ಜಾಗವಿದ್ದದ್ದು ಎಲ್ಲಿ? ಕೈಕಾಲು ತೊಳೆಯುವ ನೀರಿನ ಹೌಜಿನ ಅಂಚಿಗೆ, ಪಿಂಜಾರರ ಪಕ್ಕದಲ್ಲಿ. ಮದಾರಸಾಬನ ಭುಜಕ್ಕೆ ಭುಜ ತಾಗಿಸಿ ಜಾಗೀರದಾರ ನಿಂತ.

ಸಜ್ದಾದಲ್ಲಿ ಹಣೆ ನೆಲ ಮುಟ್ಟಬೇಕು. ರುಮಾಲು ಸುತ್ತಿದವನ ಹಣೆ ಮುಟ್ಟುತ್ತದೆ, ನೂಲಿನ ಟೊಪ್ಪಿಗೆ ಹಾಕಿದವನದೂ ಮುಟ್ಟುತ್ತದೆ. ಗಟ್ಟಿ ಅಂಚು ಕಟ್ಟಿಸಿಕೊಂಡವನದು ಹೇಗೆ ಮುಟ್ಟೀತು? ಅಂಚು ಕಲ್ಲಿಗೆ ಬಡಿಯಿತು, ಟೊಪ್ಪಿಗೆ ಕಳಚಿತು, ಗರಿಯ ಸಮೇತ ಉರುಳುತ್ತಾ ಹೋಗಿ ಹೌಜಿಗೆ ಬಿತ್ತು. ಎಲ್ಲರ ಹಣೆಯೂ ನೆಲದ ಮೇಲಿತ್ತು, ಯಾರು ಹಿಡಿಯಬೇಕು? ನಮಾಜು ಮುಗಿದು ಸಲಾಂ ತಿರುಗಿಸಿ ನೋಡಿದರೆ ಊರಿಗೆ ಊರೇ ಬರಿದಲೆ ಮಾಡಿಸಿದವನು ಊರಿನ ಮುಂದೆ ಬರಿದಲೆಯಲ್ಲಿ ಕೂತಿದ್ದ. ಯಾರೂ ನಗಲಿಲ್ಲವಂತೆ. ನಕ್ಕಿದ್ದರೇ ಅವನಿಗೆ ವಾಸಿಯಿತ್ತು.

ಮದಾರಸಾಬ ತಲೆಯಿಂದ ರುಮಾಲು ಬಿಚ್ಚಿದ. ತಾಯಿ ನೂತ ಬಟ್ಟೆ. ಒಂದು ಗಳಿಗೆ ಅದನ್ನು ಕೈಯಲ್ಲಿ ಹಿಡಿದು ನೋಡಿದ, ಆಮೇಲೆ ಪರ್‍ರೆಂದು ಎರಡು ಹೋಳು ಮಾಡಿದ. ಒಂದನ್ನು ತಾನು ಸುತ್ತಿಕೊಂಡ, ಇನ್ನೊಂದನ್ನು ಚಾಚಿದ.

"ತಗೋರಿ ಸಾಹೇಬ್ರ. ಮಂದಿ ತಲಿ ಬರಿದ ಮಾಡೂದು ನಿಮ್ಮ ಕಸುಬು, ಮುಚ್ಚೂದು ನಮ್ಮ ಕಸುಬು."

ಜಾಗೀರದಾರ ಆ ಒರಟು ಬಟ್ಟೆ ಸುತ್ತಿಕೊಂಡು, ತಲೆ ತಗ್ಗಿಸಿ, ಹಬ್ಬದ ನೂಕುನುಗ್ಗಲಿನಲ್ಲಿ ಸೇರಿಕೊಂಡು ವಾಡೆಯ ಕಡೆ ನಡೆದ. ಕಟ್ಟೆಯ ಮೇಲೆ ಪಹರೆಯವರು ನಿಂತೇ ಇದ್ದರು. ಮುಖ ನೋಡುವ ಅಭ್ಯಾಸ ಅವರಿಗಿರಲಿಲ್ಲ, ತಲೆಯನ್ನಷ್ಟೇ ನೋಡುತ್ತಿದ್ದರು. ಪಿಂಜಾರನ ಬಟ್ಟೆ ಕಂಡಿತು, ಕೊಕ್ಕೆ ಹಾಕಿ ಜಗ್ಗಿದರು. ಬಟ್ಟೆ ಚಿಂದಿಯಾಗಿ ಜನರ ಕಾಲಡಿ ಹೋಯಿತು, ಯಜಮಾನ ತನ್ನ ಬಾಗಿಲಲ್ಲೇ ಅಂಗಾತ ಬಿದ್ದ. ಬೆನ್ನಿಗೆ ಒಂದೇಟೂ ಬಿತ್ತು ಅಂತ ಕೆಲವರು ಅಂತಾರೆ. ಮಾಡಿದ್ದುಣ್ಣೋ ಮಹಾರಾಯ! ಹುಕುಂ ರದ್ದಾಯಿತೆಂದು ಡಂಗುರವೇನೂ ಆಗಲಿಲ್ಲ. ಆದರೆ ಮರುದಿನದಿಂದ ಕೊಕ್ಕೆಕೋಲುಗಳು ಕಾಣಲಿಲ್ಲ, ಊರಿನವರು ರುಮಾಲು ಸುತ್ತಿಕೊಂಡೇ ಬಾವಿಗೆ ಹೋದರು.

ಮದಾರಸಾಬ ಬಹಳ ಕಾಲ ಬದುಕಿದನಂತೆ. ಸತ್ತ ದಿನ ಮೈ ತೊಳೆದು ಅವನ ರುಮಾಲು ಬಿಚ್ಚಿ ಹೊದಿಸಿದರೆ ಎದೆಯವರೆಗೆ ಮಾತ್ರ ಬಂತು. ಉಳಿದರ್ಧ ಎಲ್ಲಿ ಹೋಯಿತೆಂದು ಊರಿಗೆಲ್ಲ ಗೊತ್ತಿತ್ತು. ಕುರುಬರ ಹಿರಿಯನೊಬ್ಬ ಹೊರಗೆ ನಿಂತಿದ್ದವನು ತನ್ನ ಬಿಳಿ ರುಮಾಲು ಬಿಚ್ಚಿ ಒಳಗೆ ಕೊಟ್ಟ. ಹಿಂದೆಯೇ ನೇಕಾರನೊಬ್ಬ ಕೊಟ್ಟ, ಬಡಿಗ ಕೊಟ್ಟ, ಕುಂಬಾರ ಕೊಟ್ಟ. ಕಫನಿಗೆ ಹೊಲಿಗೆ ಹಾಕುವುದಿಲ್ಲ. ಒಂದರ ಮೇಲೊಂದು ಹಾಸಿ ಸುತ್ತಿದರು. ಬರಿದಲೆಯಲ್ಲಿ ಎಂದೂ ನಿಲ್ಲದವನನ್ನು ಮಣ್ಣಿಗೆ ಕಳಿಸಲು ಆವತ್ತು ಊರೇ ಬರಿದಲೆಯಲ್ಲಿ ಹೋಯಿತು, ಯಾರ ಹುಕುಂ ಇಲ್ಲದೆ.

ವಾಡೆ ಈಗ ಬಿದ್ದುಹೋಗಿದೆ. ಕಟ್ಟೆಯ ಮೇಲೆ ಜಾಲಿ ಬೆಳೆದು ಆಡುಗಳು ಮೇಯುತ್ತವೆ. ಆದರೂ ಗುಂಡಬಾವಿಯ ಗಂಡಸರು, ಯಾವ ಜಾತಿಯವರೇ ಆಗಲಿ, ಆ ಜಾಗಕ್ಕೆ ಬಂದರೆ ಒಮ್ಮೆ ನಿಂತು ರುಮಾಲು ಬಿಗಿ ಮಾಡಿಕೊಳ್ಳುತ್ತಾರೆ. ಇಲ್ಲದವರು ಕರವಸ್ತ್ರ ಹಾಕಿಕೊಳ್ಳುತ್ತಾರೆ, ಅದೂ ಇಲ್ಲದವರು ಅಂಗೈ ಇಟ್ಟುಕೊಳ್ಳುತ್ತಾರೆ. ನೀವು ಆ ಕಡೆ ಹೋದರೆ ನೀವೂ ಇಟ್ಟುಕೊಳ್ಳಿ. ಎಳೆಯುವವರು ಯಾರೂ ಇಲ್ಲ ಈಗ. ಆದರೂ ಇಟ್ಟುಕೊಳ್ಳಿ.