ಹೊನ್ನೆಗುಡ್ಡಕ್ಕೆ ಕಟ್ಟಿದ ಗಂಟು

ಊಹಿಸಿ ನೋಡೋಣ ಮಕ್ಕಳೇ! ಐದು ವರ್ಷ ತಯಾರಿ ನಡೆಸಿದ ಒಂದು ಪ್ರವಾಸಕ್ಕೆ ಕೊನೆಗೆ ಎಷ್ಟು ಮಂದಿ ಹೋದರು? ಮೂವರು ಅಂದಿರಾ? ತಪ್ಪು. ಯಾರೂ ಹೋಗಲಿಲ್ಲವೇ? ಅದೂ ತಪ್ಪು. ಸರಿ, ಕೇಳಿ. ಹೇಳಿಬಿಡುತ್ತೇನೆ, ನನಗೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ಕಡಲ ದಂಡೆಯ ಗಾಳಿತೋಪಿನ ಹಿಂದೆ ಒಂದು ಸಿಹಿನೀರಿನ ಕೊಳ. ಕೊಳದ ದಿಬ್ಬ ಹತ್ತಿ ನಿಂತರೆ ಎದುರಿಗೆ ಸಮುದ್ರ, ಸಮುದ್ರದಲ್ಲಿ ಸಾಲಾಗಿ ಮೂರು ದ್ವೀಪ. ಹತ್ತಿರದ್ದು ಆಮೆಗುಡ್ಡ, ನಡುವಿನದು ಕಲ್ಲುಚಟ್ಟಿ, ಎಲ್ಲಕ್ಕಿಂತ ಆಚೆಗೆ ನೀಲಿಯಾಗಿ ಕಾಣುವುದು ಹೊನ್ನೆಗುಡ್ಡ. ಅಲ್ಲಿ ತುಂಬ ಸುರಹೊನ್ನೆ ಮರಗಳು.

ಆ ಮರಗಳಲ್ಲಿ ಒಂದರ ಪೊಟರೆಯಲ್ಲಿ ಹುಟ್ಟಿದವಳು ತುಳಸಕ್ಕ. ಅವಳೊಂದು ಪುನುಗಿನಬೆಕ್ಕು. ಪುನುಗಿನಬೆಕ್ಕು ಸುಳಿದಲ್ಲಿ ಹೊಸ ಅಕ್ಕಿಯ ಅನ್ನ ಬೆಂದ ಹಾಗೆ ಒಂದು ಪರಿಮಳ ಇರುತ್ತದೆ. ತುಳಸಕ್ಕ ಮರಿಯಾಗಿದ್ದಾಗ ತೆಂಗಿನಕಾಯಿ ತುಂಬಿದ ದೋಣಿಯಲ್ಲಿ ಆಟವಾಡುತ್ತ ನಿದ್ದೆ ಹೋದಳು. ಕಣ್ಣು ಬಿಟ್ಟಾಗ ದೋಣಿ ಈ ದಡದಲ್ಲಿತ್ತು. ಅಂದಿನಿಂದ ದಿನಾ ಸಂಜೆ ದಿಬ್ಬ ಹತ್ತಿ ಕೂರುತ್ತಾಳೆ, ನೀಲಿ ಗುಡ್ಡ ಕತ್ತಲಲ್ಲಿ ಕರಗುವವರೆಗೂ ನೋಡುತ್ತಾಳೆ.

"ಒಂದು ಸಲ, ಒಂದೇ ಒಂದು ಸಲ ಆ ಪೊಟರೆಗೆ ತಲೆ ಕೊಟ್ಟು ಮಲಗಬೇಕು" ಎನ್ನುತ್ತಿದ್ದಳು.

"ಅಷ್ಟೇ ತಾನೇ? ನಾನಿದ್ದೇನಲ್ಲ!" ಎಂದಿದ್ದ ಬೀರಣ್ಣ. ಈತ ಮುಂಗುಸಿ, ಕೊಳದ ಊರಿಗೇ ದೊಡ್ಡ ವ್ಯವಸ್ಥಾಪಕ. "ನಾವೆಲ್ಲ ಸೇರಿ ಮೂರು ದಿನದ ಬಿಡಾರ ಹೂಡೋಣ. ಒಂದು ದ್ವೀಪಕ್ಕೆ ಒಂದು ದಿನ. ಆದರೆ ತಯಾರಿ ಬೇಕು ತುಳಸಕ್ಕ, ತಯಾರಿ!"

ಮೊದಲ ವರ್ಷ ಚಾಪೆ ಸಾಲಲಿಲ್ಲ. ಎರಡನೆಯ ವರ್ಷ ಚಾಪೆ ಇತ್ತು, ಕಟ್ಟಲು ಬಳ್ಳಿ ಇರಲಿಲ್ಲ. ಮೂರನೆಯ ವರ್ಷ ಕುಡಿಯುವ ನೀರಿನ ತೆಂಗಿನ ಚಿಪ್ಪಿಗೆ ಮುಚ್ಚಳ ಸಿಗಲಿಲ್ಲ. ನಾಲ್ಕನೆಯ ವರ್ಷ ಎಲ್ಲವೂ ಇತ್ತು, ಪಟ್ಟಿಯನ್ನು ಹೊಸದಾಗಿ ಮಾಡಬೇಕೆಂದು ಬೀರಣ್ಣನಿಗೆ ಅನಿಸಿತು. ಅಷ್ಟರಲ್ಲಿ ತುಳಸಕ್ಕನ ಮೂತಿಯ ಕೂದಲು ಬೆಳ್ಳಗಾಯಿತು, ಹಿಂಗಾಲು ಎಳೆಯತೊಡಗಿತು.

ಐದನೆಯ ವರ್ಷ ಸಭೆ ಸೇರಿದಾಗ ಅವಳು ಮೆಲ್ಲನೆ ಹೇಳಿದಳು: "ಬೀರಣ್ಣ, ಈ ಸಲ ಹೋಗೋಣ. ಮುಂದಿನ ವರ್ಷ ಈ ಕಾಲು ನನ್ನ ಮಾತು ಕೇಳುವುದಿಲ್ಲ."

"ಈ ಸಲ ಹೋಗಿಯೇ ಹೋಗುತ್ತೇವೆ! ದಿನವೂ ಗೊತ್ತಾಗಿದೆ!" ಬೀರಣ್ಣ ಒಂದು ಹಾಳೆಯನ್ನು ಎತ್ತಿ ಹಿಡಿದ. ಯಾರ ಮನೆಯ ಗೋಡೆಯಿಂದಲೋ ಹಾರಿಬಂದು ಮುಳ್ಳುಪೊದೆಗೆ ಸಿಕ್ಕಿಕೊಂಡ ಕ್ಯಾಲೆಂಡರ್ ಹಾಳೆ. "ನೋಡಿ, ಮಂಗಳವಾರ ಎಳ್ಳಮಾವಾಸ್ಯೆ. ಅಮಾವಾಸ್ಯೆಗೆ ದೊಡ್ಡ ಇಳಿತ. ಅವತ್ತು ಬೆಳಿಗ್ಗೆ ನೀರು ಹಿಂದೆ ಸರಿದು, ಹೊನ್ನೆಗುಡ್ಡದವರೆಗೂ ಮರಳಿನ ದಾರಿ ತೆರೆಯುತ್ತದೆ."

"ಹೌದು ಹೌದು" ಎಂದ ಕಪ್ಪೆ ಬೊಮ್ಮು. ಉಪ್ಪುನೀರು ತಾಗಿದರೆ ಅವನ ಮೈ ಉರಿಯುತ್ತದೆ, ಪ್ರವಾಸಕ್ಕೆ ಅವನು ಬರುವವನೇ ಅಲ್ಲ. ಆದರೆ ಒಂದು ಸಭೆಯನ್ನೂ ತಪ್ಪಿಸಿದವನಲ್ಲ.

ಮರಳೊಳಗಿಂದ ಏಡಿ ಸುಕ್ರಿ ಎರಡು ಕಣ್ಣು ಮೇಲೆತ್ತಿದಳು. "ಅಮಾವಾಸ್ಯೆಗೆ ತೆರೆಯೋದಿಲ್ಲ ಮಾರಾಯಾ. ನನ್ನ ಮನೆ ಬಾಗಿಲಲ್ಲೇ ಸಮುದ್ರ ಉಂಟು, ನಾನು ಹೇಳ್ತೇನೆ ಕೇಳು. ಚಂದ್ರ ಕರೆದ ದಿನವೇ ನೀರು ಎದ್ದು ಹೊರಡೋದಿಲ್ಲ. ಮೈ ಮುರಿದು, ಆಕಳಿಸಿ, ಎರಡು ದಿನ ತಡಮಾಡಿ ಹೋಗ್ತದೆ. ದಾರಿ ತೆರೆಯೋದು ಎಳ್ಳಮಾವಾಸ್ಯೆ ಕಳೆದ ಬಿದಿಗೆಗೆ. ವರ್ಷಕ್ಕೊಂದೇ ಸಲ."

"ಎಳ್ಳಮಾವಾಸ್ಯೆಗೆ ಊರಿನ ಜನವೆಲ್ಲ ಸಮುದ್ರಸ್ನಾನಕ್ಕೆ ಬರುತ್ತಾರೆ. ಅವರಿಗಿಂತ ನೀನು ಹೆಚ್ಚು ಕಲಿತವಳಾ?" ಬೀರಣ್ಣ ನಕ್ಕ. "ಅಡ್ಡಡ್ಡ ನಡೆಯುವವಳು ನಮಗೆ ನೇರ ದಾರಿ ತೋರಿಸಲು ಬಂದಳು!"

"ನನ್ನದು ಅಡ್ಡ ನಡಿಗೆಯೇ. ಆದರೂ ಮನೆ ಮುಟ್ಟುತ್ತೇನೆ. ನೀನು ಐದು ವರ್ಷದಿಂದ ಅಂಗಳ ದಾಟಿಲ್ಲ!"

ಬೊಮ್ಮು ಇದಕ್ಕೂ "ಹೌದು ಹೌದು" ಎಂದುಬಿಟ್ಟ. ಬೀರಣ್ಣ ಅವನತ್ತ ಕೆಂಗಣ್ಣು ಬಿಟ್ಟ.

ಮಂಗಳವಾರ ಬೆಳಕು ಹರಿಯುವಾಗ ಬೀರಣ್ಣನೂ ತುಳಸಕ್ಕನೂ ದಂಡೆಯಲ್ಲಿದ್ದರು. ಬೀರಣ್ಣನ ಬೆನ್ನ ಮೇಲೆ ಅವನಿಗಿಂತ ದೊಡ್ಡ ಗಂಟು: ಕೇದಗೆ ಎಲೆಯ ಚಾಪೆ ಎರಡು, ಮುಚ್ಚಳದ ಚಿಪ್ಪು ನಾಲ್ಕು, ಮಳೆ ಬಂದರೆ ಎಂದು ಎಲೆಯ ಕೊಡೆ, ಹಾವು ಬಂದರೆ ಎಂದು ಒಂದು ಕೋಲು.

"ನೀನೇ ಮುಂಗುಸಿಯಲ್ಲವೋ, ಹಾವಿಗೆ ಕೋಲು ಯಾಕೆ?" ಎಂದು ಸುಕ್ರಿ ಕೇಳಿದಳು.

"ಪಟ್ಟಿಯಲ್ಲಿದೆ" ಎಂದ ಬೀರಣ್ಣ.

ನೀರು ಇಳಿಯಿತು. ಆಮೆಗುಡ್ಡದವರೆಗೆ ಮರಳು ಕಂಡಿತು. ಕಲ್ಲುಚಟ್ಟಿಯ ಬಂಡೆಗಳೂ ಎದ್ದವು. ಅಲ್ಲಿಂದಾಚೆಗೆ ಹೊನ್ನೆಗುಡ್ಡದ ಮುಂದೆ ಮಾತ್ರ ಹಸಿರು ನೀರು ಹಾಗೆಯೇ ತುಳುಕುತ್ತಿತ್ತು. ತುಳಸಕ್ಕ ಉಸಿರು ಬಿಗಿಹಿಡಿದು ಕಾದಳು. ನೀರು ಇಳಿಯಲಿಲ್ಲ, ತಿರುಗಿ ಏರಿತು.

"ಸಮುದ್ರದ್ದೇ ತಪ್ಪು. ಪ್ರವಾಸ ರದ್ದು!" ಬೀರಣ್ಣ ಮನೆಗೆ ಹೋಗಿ ಗಂಟು ಬಿಚ್ಚಿ, ಸಾಮಾನನ್ನೆಲ್ಲ ಒಂದೊಂದಾಗಿ ಜೋಡಿಸಿಟ್ಟು, ಮುಂದಿನ ವರ್ಷದ ಪಟ್ಟಿಗೆ ಕೂತ. ನಿಜ ಹೇಳಬೇಕೆಂದರೆ ಅವನ ಮುಖದಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚಿತ್ತು.

ತುಳಸಕ್ಕ ಮಾತ್ರ ಮನೆಗೆ ಹೋಗಲಿಲ್ಲ. ದಿಬ್ಬ ಹತ್ತುವ ಶಕ್ತಿ ಇರಲಿಲ್ಲವೋ, ಮನಸ್ಸು ಇರಲಿಲ್ಲವೋ. ಒಂದು ಮುರುಕು ದೋಣಿಯ ನೆರಳಲ್ಲಿ ಮೂತಿಯನ್ನು ಹೊನ್ನೆಗುಡ್ಡದ ಕಡೆಗೆ ಇಟ್ಟು ಮಲಗಿದಳು. ಬುಧವಾರವೂ ಅಲ್ಲೇ ಇದ್ದಳು.

ಗುರುವಾರ ಹೊತ್ತು ಒಂದು ಮಾರು ಏರಿತ್ತು. ಯಾರೋ ಕಿವಿ ಚಿವುಟಿದಂತಾಯಿತು.

"ತುಳಸಕ್ಕ, ಏಳು! ನೋಡು!" ಎನ್ನುತ್ತಿದ್ದಳು ಸುಕ್ರಿ.

ತುಳಸಕ್ಕ ನೋಡಿದಳು. ಆಮೆಗುಡ್ಡ, ಕಲ್ಲುಚಟ್ಟಿ, ಅದರಾಚೆಗೂ, ಒದ್ದೆಯಾಗಿ ಹೊಳೆಯುತ್ತ, ಬೈತಲೆ ತೆಗೆದ ಹಾಗೆ ಒಂದೇ ಒಂದು ಮರಳಿನ ಗೆರೆ. ಅದು ನೇರವಾಗಿ ಹೊನ್ನೆಗುಡ್ಡಕ್ಕೆ ಹೋಗಿ ಮುಟ್ಟಿತ್ತು.

ಅವಳು ಎದ್ದು ನಿಂತಳು. "ಬೀರಣ್ಣನಿಗೆ ಹೇಳು. ನಾನು ಮುಂದೆ ನಡೆಯುತ್ತಿರುತ್ತೇನೆ, ನನ್ನ ಕಾಲು ನಿಧಾನ. ಮತ್ತೆ ಸುಕ್ರಿ, ಮುಂದಿನ ವರ್ಷ ದಾರಿ ತೆರೆದರೂ ನನ್ನನ್ನು ಕಾಯಬೇಡ."

ಚಾಪೆ ಇಲ್ಲ, ಚಿಪ್ಪಿಲ್ಲ, ಕೊಡೆ ಇಲ್ಲ. ಕಾಲೆಳೆಯುತ್ತ ಹೊರಟೇಬಿಟ್ಟಳು.

ಸುಕ್ರಿ ಮುಂಗುಸಿಯ ಬಿಲಕ್ಕೆ ಓಡಿದಳು. "ದಾರಿ ತೆರೆದಿದೆ! ಬಾ!"

"ಬಂದೆ, ಒಂದೇ ನಿಮಿಷ!" ಬೀರಣ್ಣ ಗಡಬಡಿಸಿದ. "ಮೊದಲು ಚಾಪೆ, ಆಮೇಲೆ ಚಿಪ್ಪು... ಅಯ್ಯೋ, ಮುಚ್ಚಳ ಎಲ್ಲಿ?"

"ಮುಚ್ಚಳ ಬಿಡೋ!"

"ಬಿಡೋದು ಹೇಗೆ? ಪಟ್ಟಿಯಲ್ಲಿದೆ!"

ಗಂಟು ಹೊತ್ತು ಅವನು ದಂಡೆಗೆ ಬರುವ ಹೊತ್ತಿಗೆ ತುಳಸಕ್ಕ ದೂರದಲ್ಲಿ ಒಂದು ಕಪ್ಪು ಚುಕ್ಕೆಯಾಗಿದ್ದಳು. ಅವನು ಆಮೆಗುಡ್ಡ ದಾಟಿದ. ಕಲ್ಲುಚಟ್ಟಿ ಮುಟ್ಟುವಾಗ ಕಾಲಡಿಗೆ ನೀರು ಬಂತು, ಮತ್ತೆ ಹೊಟ್ಟೆಗೆ, ಮತ್ತೆ ಕುತ್ತಿಗೆಗೆ. ಸುಕ್ರಿ ಹಿಂದಿನಿಂದ ಕೂಗಿದಳು: "ಗಂಟು ಬಿಡು! ಬಿಟ್ಟು ಈಜು! ಇನ್ನು ಸ್ವಲ್ಪವೇ!"

"ಬಿಟ್ಟರೆ ಅಲ್ಲಿ ಮಲಗೋದು ಯಾವುದರ ಮೇಲೆ?"

ಒಂದು ಅಲೆ ಬಂತು. ಕೊಡೆ ಹೋಯಿತು. ಇನ್ನೊಂದು ಬಂತು, ಚಾಪೆಗಳು ಹೋದವು. ನಾಲ್ಕು ಚಿಪ್ಪುಗಳು ಮುಚ್ಚಳ ಸಮೇತ ತೇಲುತ್ತ ಸಾಲಾಗಿ ಹೊನ್ನೆಗುಡ್ಡದ ಕಡೆಗೇ ಹೊರಟವು. ಬೀರಣ್ಣ ಮಾತ್ರ ಉಪ್ಪುನೀರು ಕುಡಿದು ಕೆಮ್ಮುತ್ತ ಹಿಂದಕ್ಕೆ ಬಂದು ದಂಡೆಗೆ ಬಿದ್ದ. ಅವನ ತಲೆಗೆ ಕ್ಯಾಲೆಂಡರ್ ಹಾಳೆ ಅಂಟಿಕೊಂಡಿತ್ತು.

ಆಚೆ ತುಳಸಕ್ಕ ಮರ ಹುಡುಕಿದಳು. ಸಿಡಿಲು ಬಡಿದು ಅರ್ಧ ಮರ ಹೋಗಿತ್ತು, ಪೊಟರೆ ಉಳಿದಿತ್ತು. ಅಷ್ಟು ದೊಡ್ಡದೆಂದು ನೆನಪಿದ್ದ ಪೊಟರೆ ಈಗ ಮುಷ್ಟಿಯಷ್ಟು! ಮೈ ಹಿಡಿಸಲಿಲ್ಲ. ತಲೆ ಮಾತ್ರ ಹಿಡಿಸಿತು. ಒಳಗೆ ಅದೇ ಹಳೆಯ ಮರದ ವಾಸನೆ. ಸಾಕಾಯಿತು ಅವಳಿಗೆ. ಕಣ್ಣು ಮುಚ್ಚಿದಳು.

ಇಳಿಹೊತ್ತಿಗೆ ಪಡುಗಾಳಿ ಎದ್ದಿತು. ಬೀರಣ್ಣ, ಸುಕ್ರಿ, ಬೊಮ್ಮು ಮೂವರೂ ದಿಬ್ಬದ ಮೇಲೆ, ತುಳಸಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದರು. ಗಾಳಿಯಲ್ಲಿ ಇದ್ದಕ್ಕಿದ್ದಂತೆ ಹೊಸ ಅಕ್ಕಿಯ ಅನ್ನ ಬೆಂದ ಪರಿಮಳ ತೇಲಿಬಂತು.

"ಮುಟ್ಟಿದಳು" ಎಂದಳು ಸುಕ್ರಿ.

ಬೊಮ್ಮು ಈ ಸಲ "ಹೌದು ಹೌದು" ಎನ್ನಲಿಲ್ಲ. ಗುಡ್ಡ ಚೆನ್ನಾಗಿ ಕಾಣಲೆಂದು ಒಂದು ಕಲ್ಲಿನ ಮೇಲೆ ಹಾರಿ ಕೂತ.

ಬೀರಣ್ಣ ನೀಲಿ ಗುಡ್ಡವನ್ನು ನೋಡುತ್ತಲೇ ಇದ್ದ. ಅದು ಇಷ್ಟು ಚೆಂದವೆಂದು ಐದು ವರ್ಷದಲ್ಲಿ ಒಮ್ಮೆಯೂ ತಲೆಯೆತ್ತಿ ಅವನು ನೋಡಿರಲಿಲ್ಲ. ಆಮೇಲೆ ಕೇಳಿದ: "ಸುಕ್ರಿ, ದಾರಿ ಮತ್ತೆ ಯಾವಾಗ ತೆರೆಯುತ್ತದೆ?"

"ಬರುವ ವರ್ಷ. ಏನು ತರ್ತೀಯ?"

"ಏನೂ ಇಲ್ಲ" ಎಂದ ಬೀರಣ್ಣ, ಗಾಳಿಯನ್ನು ಇನ್ನೊಮ್ಮೆ ಎಳೆದುಕೊಳ್ಳುತ್ತ.

ಇದೆಲ್ಲ ನಡೆದದ್ದು ಎಳ್ಳಮಾವಾಸ್ಯೆ ಕಳೆದು ಎರಡನೆಯ ದಿನ; ಪುಷ್ಯ ಶುದ್ಧ ಬಿದಿಗೆ, ಗುರುವಾರ.

ನೀತಿ: ಗಂಟು ಕಟ್ಟುವುದರಲ್ಲೇ ಸುಖ ಕಂಡವನಿಗೆ ದಾರಿ ತೆರೆದರೂ ದಕ್ಕದು, ಹಂಬಲವಿದ್ದವರು ಬರಿಗೈಯಲ್ಲಾದರೂ ಹೊರಡುತ್ತಾರೆ.